‘ಎಲ್ಲಾ ಅಷ್ಟೇ ಬಿಡಿ’ ಅನ್ನುವ ಜೋಕು

(ಓದುಗರ ಬಳಗವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

‘ನಾನೇನೂ ಸನ್ಯಾಸಿ ಅಲ್ಲ.’ ಇದು ಯಾರ ಮಾತು ಅಂತ ಕೇಳಿದರೆ ಈ ಸಭೆಯಲ್ಲಿ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತೀರಿ. ಎಲ್ಲ ಉತ್ತರಕ್ಕೂ ಮಾರ್ಕ್ಸ್ ಕೊಡಬೇಕಾಗುತ್ತದೆ. ಕರ್ನಾಟಕದಲ್ಲಿ ಮಂತ್ರಿಗಿರಿ ಬೇಕಾದವರು, ಮುಖ್ಯಮಂತ್ರಿ ಕುರ್ಚಿ ಬೇಕಾದವರು, ಬೇಕಿದ್ದೂ ಬಾಯಿ ಬಿಟ್ಟು ಹೇಳಲಾರದವರು, ಎಲ್ಲರೂ ಟೀವಿ ಮೈಕಿನ ಮುಂದೆ ಹೇಳುವ ಮಾತು ಇದು. ಇದರ ಅಣ್ಣತಮ್ಮಂದಿರೂ ಇದ್ದಾರೆ. ‘ನಾನು ಪಕ್ಷದ ಶಿಸ್ತಿನ ಸಿಪಾಯಿ.’ ‘ನನ್ನ ಹೇಳಿಕೆ ತಿರುಚಿದ್ದಾರೆ.’ ‘ಕ್ಷೇತ್ರದ ಅಭಿವೃದ್ಧಿಗಾಗಿ ಪಕ್ಷ ಬಿಟ್ಟೆ.’ ‘ಇದು ನನ್ನ ಕೊನೆಯ ಚುನಾವಣೆ.’ ಈ ಕೊನೆಯದನ್ನು ಕೆಲವರು ಐದು ವರ್ಷಕ್ಕೊಮ್ಮೆ ತಪ್ಪದೆ ಹೇಳುತ್ತಾರೆ.

ಹೀಗಿರುವಾಗ ಹಾಸ್ಯ ಬರೆಯುವವರಿಗೆ ಕೆಲಸ ಎಲ್ಲಿ ಉಳಿಯುತ್ತದೆ? ಸುಮ್ನೆ ಬರೆದುಕೊಂಡರೆ ಸಾಕು.

ನಾವು ರಾಜಕಾರಣಿಗಳ ಮೇಲೆ ತುಂಬಾ ನಗುತ್ತೇವೆ. ನಗಲೇಬೇಕು. ನನ್ನ ತಕರಾರು ಇರುವುದು ಒಂದು ಜಾತಿಯ ಜೋಕಿನ ಮೇಲೆ. ‘ಎಲ್ಲಾ ಕಳ್ಳರೇ’, ‘ಎಲ್ಲಾ ಅಷ್ಟೇ ಬಿಡಿ’, ‘ಇವನು ಹೋದರೆ ಇವನಪ್ಪ ಬರುತ್ತಾನೆ’. ದಿನಾ ಬೆಳಿಗ್ಗೆ ವಾಟ್ಸಾಪ್‌ನಲ್ಲಿ ಬರುತ್ತವಲ್ಲ, ಒಬ್ಬ ರಾಜಕಾರಣಿ ನರಕಕ್ಕೆ ಹೋದ, ಯಮ ಹೆದರಿದ, ಆ ಥರದವು. ಅದರಲ್ಲಿ ಊರಿಲ್ಲ, ಹೆಸರಿಲ್ಲ, ಇಲಾಖೆ ಇಲ್ಲ. ಓದಿದ ಕೂಡಲೇ ನಗು ಬರುತ್ತದೆ. ಆದರೆ ಅದು ಯಾರಿಗೂ ತಾಗುವುದಿಲ್ಲ. ನಿಮ್ಮ ಶಾಸಕರಿಗೆ ಕಳಿಸಿ ನೋಡಿ, ಅವರೂ ನಕ್ಕು ಇನ್ನೊಂದು ಗ್ರೂಪಿಗೆ ಕಳಿಸುತ್ತಾರೆ. ಎಷ್ಟೋ ಸಲ ವೇದಿಕೆ ಮೇಲೆ ಅವರೇ ಅದನ್ನು ಹೇಳಿ ಚಪ್ಪಾಳೆ ಗಿಟ್ಟಿಸುತ್ತಾರೆ. ಯಾರಿಗೆ ಬೈದಿದ್ದೇವೋ ಅವರೇ ಚಪ್ಪಾಳೆ ತಗೊಂಡು ಹೋದರೆ ಆ ಬೈಗುಳದಲ್ಲಿ ಏನೋ ಕೊರತೆ ಇದೆ ಅಂತ ತಾನೇ?

ಮೊದಲು ನಮ್ಮಲ್ಲಿ ಬೇರೆ ಥರದ ನಗೆಯೂ ಇತ್ತು. ಮಾಸ್ಟರ್ ಹಿರಣ್ಣಯ್ಯ ಅವರನ್ನು ನೋಡಿದವರು ಇಲ್ಲಿ ಇದ್ದೀರಿ ಅಂತ ಕಾಣುತ್ತದೆ. 2019ರ ಮೇ ತಿಂಗಳಲ್ಲಿ ತೀರಿಕೊಂಡರು. ಅವರ ‘ಲಂಚಾವತಾರ’ ನಾಟಕದ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಆದರೂ ಜನ ಮತ್ತೆ ಮತ್ತೆ ಹೋಗುತ್ತಿದ್ದರು, ಯಾಕೆ? ಇವತ್ತು ಯಾರಿಗೆ ಬೀಳುತ್ತದೆ ಅಂತ ನೋಡಲಿಕ್ಕೆ. ಬೆಳಗಿನ ಪೇಪರಿನ ಸುದ್ದಿ ಸಂಜೆ ಅವರ ಸಂಭಾಷಣೆಯಲ್ಲಿ ಇರುತ್ತಿತ್ತು. ಮುಂದಿನ ಸಾಲಿನಲ್ಲಿ ಮಂತ್ರಿ ಕೂತಿದ್ದರೆ ಇನ್ನೂ ಹುರುಪು. ಆ ಮಂತ್ರಿ ನಗಲೂ ಆಗದೆ, ಎದ್ದು ಹೋಗಲೂ ಆಗದೆ ಕೂತಿರಬೇಕಾಗಿತ್ತು. ಅದರ ಬೆಲೆಯನ್ನೂ ಅವರು ಕೊಟ್ಟರು, ಕೋರ್ಟು ಕಚೇರಿ ನೋಡಬೇಕಾಯಿತು. ‘ಎಲ್ಲಾ ಕಳ್ಳರು’ ಅಂದವರಿಗೆ ಯಾವ ಕೋರ್ಟಿನಿಂದ ನೋಟಿಸು ಬಂದಿದೆ ಹೇಳಿ?

ಇನ್ನೂ ಹಿಂದೆ ಹೋದರೆ ‘ಕೊರವಂಜಿ’. 1942ರಲ್ಲಿ ಶುರುವಾದ ಹಾಸ್ಯ ಪತ್ರಿಕೆ. ನಡೆಸಿದವರು ರಾಶಿ, ಅಂದರೆ ಡಾಕ್ಟರ್ ಎಂ. ಶಿವರಾಂ. ಹಗಲು ರೋಗಿಗಳನ್ನು ನೋಡುತ್ತ, ಮಿಕ್ಕ ಹೊತ್ತಿನಲ್ಲಿ ಊರಿನ ನಾಡಿ ಹಿಡಿಯುತ್ತಿದ್ದರು. ಮೈಸೂರಿನ ಆರ್.ಕೆ. ಲಕ್ಷ್ಮಣ್ ಶುರುವಿನ ದಿನಗಳಲ್ಲಿ ಚಿತ್ರ ಬರೆದದ್ದು ಅದಕ್ಕೇ. ಆಮೇಲೆ ಅವರು ಮುಂಬೈಗೆ ಹೋಗಿ, 1951ರಿಂದ ಶುರುಮಾಡಿ ಅರ್ಧ ಶತಮಾನಕ್ಕೂ ಜಾಸ್ತಿ ಕಾಲ ಆ ಚೌಕುಳಿ ಕೋಟಿನ ‘ಕಾಮನ್ ಮ್ಯಾನ್’ನನ್ನು ಬರೆದರು. ಅವನು ಒಂದು ಮಾತೂ ಆಡುವುದಿಲ್ಲ, ಸುಮ್ಮನೆ ನೋಡುತ್ತಾನೆ. ಆದರೆ ನೋಡುವುದು ಅವತ್ತಿನ ಬೆಲೆ ಏರಿಕೆ, ಅವತ್ತಿನ ಯೋಜನೆ, ಅವತ್ತು ಮಂತ್ರಿ ಕೊಟ್ಟ ಸಬೂಬು.

ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟದ ಚಿತ್ರ ವ್ಯಂಗ್ಯಚಿತ್ರಕಾರ ಅಬು ಅಬ್ರಹಾಂ ಅವರದು. 1975ರ ಡಿಸೆಂಬರ್, ತುರ್ತುಪರಿಸ್ಥಿತಿಯ ಕಾಲ. ಇಂಡಿಯನ್ ಎಕ್ಸ್‌ಪ್ರೆಸ್‌ನಲ್ಲಿ ಬಂತು. ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ಬಾತ್‌ಟಬ್‌ನಲ್ಲಿ ಕೂತಿದ್ದಾರೆ. ಬಾಗಿಲ ಸಂದಿಯಿಂದ ಬಂದ ಕೈಗೆ ಸಹಿ ಹಾಕಿದ ಕಾಗದ ಕೊಡುತ್ತ, ಇನ್ನೂ ಸುಗ್ರೀವಾಜ್ಞೆಗಳಿದ್ದರೆ ಸ್ವಲ್ಪ ಕಾಯಲಿಕ್ಕೆ ಹೇಳಿ ಅನ್ನುತ್ತಿದ್ದಾರೆ. ಅಷ್ಟೇ. ಒಬ್ಬ ವ್ಯಕ್ತಿ, ಒಂದು ಸಹಿ. ಇಂದಿರಾ ಗಾಂಧಿ ಚಿತ್ರದಲ್ಲೇ ಇಲ್ಲ, ಆದರೂ ಪೂರ್ತಿ ಅವರೇ ಇದ್ದಾರೆ. ಸೆನ್ಸಾರ್ ಇದ್ದ ಕಾಲದಲ್ಲಿ ಅದು ಅಚ್ಚಾಗಿದ್ದೇ ಒಂದು ತಮಾಷೆ. ಅದಕ್ಕಿಂತ ದೊಡ್ಡ ತಮಾಷೆ, ಆಗ ಅಬು ಅವರೇ ರಾಜ್ಯಸಭೆಯ ನಾಮಕರಣ ಸದಸ್ಯರಾಗಿದ್ದರು.

ಹೆಸರು ಹಿಡಿದು ನಕ್ಕರೆ ಏನಾಗುತ್ತದೆ ಅನ್ನುವುದಕ್ಕೆ ಹೊಸ ಉದಾಹರಣೆಗಳೂ ಇವೆ. 2012ರಲ್ಲಿ ಕೋಲ್ಕತ್ತದ ಜಾದವಪುರ ವಿಶ್ವವಿದ್ಯಾಲಯದ ಪ್ರೊಫೆಸರ್ ಅಂಬಿಕೇಶ್ ಮಹಾಪಾತ್ರ, ಮುಖ್ಯಮಂತ್ರಿ ಮಮತಾ ಬ್ಯಾನರ್ಜಿ ಅವರ ಮೇಲಿನ ಒಂದು ವ್ಯಂಗ್ಯಚಿತ್ರವನ್ನು ಈಮೇಲ್‌ನಲ್ಲಿ ಕಳಿಸಿದ್ದಕ್ಕೆ ಅರೆಸ್ಟ್ ಆದರು. ಆ ಕೇಸಿನಿಂದ ಬಿಡುಗಡೆ ಸಿಕ್ಕಿದ್ದು 2023ರಲ್ಲಿ. 2019ರ ಏಪ್ರಿಲ್‌ನಲ್ಲಿ ನಮ್ಮ ಕೋಲಾರದ ಚುನಾವಣಾ ಸಭೆಯಲ್ಲಿ ರಾಹುಲ್ ಗಾಂಧಿ ಕಳ್ಳರಿಗೂ ಒಂದು ಮನೆತನದ ಹೆಸರಿಗೂ ಗಂಟು ಹಾಕಿ ಮಾತಾಡಿದರು. 2023ರ ಮಾರ್ಚ್‌ನಲ್ಲಿ ಸೂರತ್ ಕೋರ್ಟು 2 ವರ್ಷ ಶಿಕ್ಷೆ ಹಾಕಿತು. ಸಂಸದ ಸ್ಥಾನವೂ ಹೋಯಿತು. ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟ ಮೇಲೆ ವಾಪಸ್ ಬಂತು. ಆ ಚಟಾಕಿ ಚೆನ್ನಾಗಿತ್ತು ಅಂತ ನಾನು ಹೇಳುವುದಿಲ್ಲ. ಒಂದು ಹೆಸರಿನವರನ್ನೆಲ್ಲ ಒಟ್ಟಿಗೆ ಬೈಯುವುದು ಸೋಮಾರಿ ಹಾಸ್ಯವೇ. ಆದರೆ ನಾವು ದಿನಾ ಎಲ್ಲ ಹೆಸರಿನವರನ್ನೂ ಒಟ್ಟಿಗೆ ಬೈಯುತ್ತೇವೆ, ಯಾರೂ ಕೇಳುವುದಿಲ್ಲ.

ಈಗ ರೆಸಾರ್ಟಿಗೆ ಹೋಗೋಣ. ಹೆದರಬೇಡಿ, ಸುಮ್ಮನೆ ಮಾತಿನಲ್ಲಿ.

ಪಕ್ಷಾಂತರದ ಮೇಲೆ ಭಾರತದಲ್ಲಿ ಹುಟ್ಟಿದ ಅತಿ ದೊಡ್ಡ ಜೋಕು ಹರಿಯಾಣದ್ದು. 1967ರಲ್ಲಿ ಗಯಾ ಲಾಲ್ ಅನ್ನುವ ಶಾಸಕ ಹದಿನೈದು ದಿನದಲ್ಲಿ ಮೂರು ಸಲ ಪಕ್ಷ ಬದಲಿಸಿದರು. ‘ಗಯಾ ರಾಮ್ ಈಗ ಆಯಾ ರಾಮ್’, ಅಂದರೆ ಹೋದ ರಾಮ ಈಗ ಬಂದ ರಾಮ, ಅಂತ ಅಲ್ಲಿನ ನಾಯಕ ರಾವ್ ಬೀರೇಂದ್ರ ಸಿಂಗ್ ಛೇಡಿಸಿದರು. ಆಗ ಅದು ಒಬ್ಬ ಮನುಷ್ಯನ ಮೇಲಿನ ಜೋಕು. ನಿಧಾನಕ್ಕೆ ಅದು ದೇಶದ ಎಲ್ಲರ ಮೇಲಿನ ಜೋಕಾಯಿತು. ಎಲ್ಲರೂ ಆಯಾ ರಾಮ್ ಆದ ಮೇಲೆ ಗಯಾ ಲಾಲ್ ಯಾರು, ಯಾವ ಕ್ಷೇತ್ರ ಅಂತ ಯಾರಿಗೂ ನೆನಪಿಲ್ಲ. ಅವರು ಬಚಾವಾದರು ನೋಡಿ.

ಶಾಸಕರನ್ನು ಗುಂಪಾಗಿ ಕರೆದುಕೊಂಡು ಹೋಗಿ ಬಚ್ಚಿಡುವ ಕಲೆಯಲ್ಲಿ ಕರ್ನಾಟಕ ಹಳೆಯ ಆತಿಥೇಯ. 1984ರಲ್ಲಿ ಆಂಧ್ರದ ಎನ್.ಟಿ. ರಾಮರಾವ್ ಅವರ ಸರ್ಕಾರವನ್ನು ಉರುಳಿಸಿದಾಗ ಅವರ ಶಾಸಕರು ಬಂದು ಕೂತದ್ದು ನಮ್ಮ ನಂದಿ ಬೆಟ್ಟದಲ್ಲಿ. ಆಗ ಇಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ. 2002ರಲ್ಲಿ ಮಹಾರಾಷ್ಟ್ರದ ಕಾಂಗ್ರೆಸ್ ಶಾಸಕರು ಬೆಂಗಳೂರಿಗೆ ಬಂದರು. 2017ರಲ್ಲಿ ಗುಜರಾತಿನ ಕಾಂಗ್ರೆಸ್ಸಿನವರು ಬಿಡದಿ ಹತ್ತಿರದ ಈಗಲ್‌ಟನ್ ರೆಸಾರ್ಟಿಗೆ ಬಂದರು. ನಮ್ಮ ಬಿಜೆಪಿ ಶಾಸಕರು ಗೋವಾ ನೋಡಿದರು, ಗುರುಗ್ರಾಮ ನೋಡಿದರು. ಜೆಡಿಎಸ್‌ನವರು ಮತ್ತೆ ನಂದಿ ಬೆಟ್ಟದ ಬುಡಕ್ಕೇ ಹೋದರು. 2019ರ ಜನವರಿಯಲ್ಲಂತೂ ಈಗಲ್‌ಟನ್‌ನಲ್ಲಿ ಒಂದೇ ಪಕ್ಷದ ಇಬ್ಬರು ಶಾಸಕರು ಹೊಡೆದಾಡಿ ಒಬ್ಬರು ಆಸ್ಪತ್ರೆ ಸೇರಿದರು. ಮೊದಲು ಬಂದ ವಿವರಣೆ: ಎದೆನೋವು!

ಇದಕ್ಕೆಲ್ಲ ಕಾನೂನು ಇಲ್ಲವಾ? ಇದೆ. 1985ರಲ್ಲಿ ಪಕ್ಷಾಂತರ ನಿಷೇಧ ಬಂತು. ಆದರೆ ಮೂರನೇ ಒಂದು ಭಾಗ ಶಾಸಕರು ಒಟ್ಟಿಗೆ ಹೋದರೆ ತಪ್ಪಲ್ಲ ಅಂತ ಒಂದು ಕಿಂಡಿ ಇಟ್ಟರು. ಒಬ್ಬ ಹಾರಿದರೆ ಅಪರಾಧ, ಹಿಂಡು ಹಾರಿದರೆ ಸಿದ್ಧಾಂತ. 2003ರಲ್ಲಿ ಆ ಕಿಂಡಿ ಮುಚ್ಚಿದರು. ಆಗ ನಮ್ಮವರು ಹೊಸ ದಾರಿ ಕಂಡುಹಿಡಿದರು. 2008ರಲ್ಲಿ 224 ಸ್ಥಾನಗಳಲ್ಲಿ ಬಿಜೆಪಿಗೆ ಬಂದದ್ದು 110. ಪಕ್ಷೇತರರ ಬೆಂಬಲದಿಂದ ಸರ್ಕಾರ ಆಯಿತು. ಆಮೇಲೆ ಬೇರೆ ಪಕ್ಷಗಳ ಶಾಸಕರು ರಾಜೀನಾಮೆ ಕೊಟ್ಟು, ಪಕ್ಷ ಬದಲಿಸಿ, ಅದೇ ಕ್ಷೇತ್ರದಲ್ಲಿ ಮತ್ತೆ ನಿಂತರು. ಪಕ್ಷಾಂತರ ಆಗಲಿಲ್ಲ, ಬರೀ ರಾಜೀನಾಮೆ ಆಯಿತು ಅಷ್ಟೇ! ‘ಆಪರೇಷನ್ ಕಮಲ’ ಅನ್ನುವ ಮಾತು ಹುಟ್ಟಿದ್ದು ಆಗ.

2019ರಲ್ಲಿ ಅದರ ದೊಡ್ಡ ಆವೃತ್ತಿ ಬಂತು. ಕಾಂಗ್ರೆಸ್–ಜೆಡಿಎಸ್ ಸರ್ಕಾರ ಜುಲೈ 23ರಂದು 99ಕ್ಕೆ 105 ಮತಗಳಿಂದ ಬಿತ್ತು. 17 ಶಾಸಕರು ಅನರ್ಹರಾದರು. ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು, ಅನರ್ಹತೆ ಸರಿ, ಆದರೆ ಉಪಚುನಾವಣೆಗೆ ನಿಲ್ಲಬಹುದು ಅಂದಿತು. ಆ ತಿಂಗಳುಗಳಲ್ಲಿ ಹುಟ್ಟಿದ ಮೀಮ್‌ಗಳಿಗೆ ಲೆಕ್ಕ ಇಟ್ಟವರಿಲ್ಲ. ಮುಂಬೈ ಹೋಟೆಲು, ವಿಶೇಷ ವಿಮಾನ, ಅತೃಪ್ತರು, ತೃಪ್ತರಾದ ಅತೃಪ್ತರು. ರಾಜ್ಯಕ್ಕೆ ರಾಜ್ಯವೇ ನಗುತ್ತಿತ್ತು. ಡಿಸೆಂಬರ್‌ನಲ್ಲಿ 15 ಕ್ಷೇತ್ರಗಳಿಗೆ ಚುನಾವಣೆ. ಅನರ್ಹರಲ್ಲಿ 13 ಮಂದಿ ನಿಂತರು.

ಗೆದ್ದವರು 11.

ಸೋತದ್ದು ಹುಣಸೂರು, ಹೊಸಕೋಟೆ. ಸೋತ ಆ ಇಬ್ಬರೂ ಮುಂದಿನ ವರ್ಷವೇ ವಿಧಾನ ಪರಿಷತ್ತಿಗೆ ಬಂದರು. ಒಬ್ಬರು ಮಂತ್ರಿಯೂ ಆದರು.

ನಾನು ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಅಷ್ಟು ನಕ್ಕ ಜನ ಯಾಕೆ ಓಟು ಹಾಕಿದರು? ಜನ ದಡ್ಡರು ಅನ್ನುವ ಉತ್ತರ ಬೆಂಗಳೂರಿನ ಡ್ರಾಯಿಂಗ್ ರೂಮಿಗೆ ಸರಿ, ನನಗೆ ಒಪ್ಪಿಗೆ ಇಲ್ಲ. ಮತದಾರರ ಲೆಕ್ಕ ಹೀಗಿತ್ತು: ಇವನು ಗೆದ್ದರೆ ಮಂತ್ರಿ ಆಗುತ್ತಾನೆ, ಅನುದಾನ ಬರುತ್ತದೆ. ಪಕ್ಷ ಬಿಟ್ಟನಲ್ಲ ಅಂದರೆ, ಯಾರು ಬಿಟ್ಟಿಲ್ಲ? ಎಲ್ಲಾ ಅಷ್ಟೇ ಬಿಡಿ. ಗಮನಿಸಿ, ಪಕ್ಷ ಬಿಟ್ಟವರು ತಮ್ಮ ಪ್ರಚಾರದಲ್ಲಿ ಹೇಳಿದ್ದೂ ಇದನ್ನೇ. ಎಲ್ಲರೂ ಮಾಡಿದ್ದನ್ನೇ ನಾನೂ ಮಾಡಿದ್ದು. ಮತದಾರನ ವ್ಯಂಗ್ಯ, ಅಭ್ಯರ್ಥಿಯ ಸಮರ್ಥನೆ, ಎರಡಕ್ಕೂ ಒಂದೇ ವಾಕ್ಯ. ಆ ವಾಕ್ಯವನ್ನು ಅವರ ಕೈಗೆ ಕೊಟ್ಟವರು ನಾವು, ವರ್ಷಗಟ್ಟಲೆ ಜೋಕು ಹೇಳಿ ಹೇಳಿ. ಎಲ್ಲರೂ ಒಂದೇ ಬಣ್ಣ ಅಂದ ಮೇಲೆ ಮಸಿ ಹತ್ತಿದವನಿಗೆ ಏನು ನಷ್ಟ? ನಷ್ಟ ಆಗುವುದು ಮಸಿ ಹತ್ತಿಸಿಕೊಳ್ಳದೆ ಉಳಿದವನಿಗೆ. ಅವತ್ತು ರೆಸಾರ್ಟಿನ ಬಸ್ಸು ಹತ್ತದ ಶಾಸಕರೂ ಇದ್ದರು. ಅವರ ಒಬ್ಬರ ಹೆಸರನ್ನಾದರೂ ಹೇಳಿ ನೋಡೋಣ.

(ಸಭೆಯಲ್ಲಿ ಯಾರೂ ಹೇಳಲಿಲ್ಲ. ಹಿಂದಿನ ಸಾಲಿನಿಂದ ಒಬ್ಬರು, ‘ಬಸ್ಸಲ್ಲಿ ಸೀಟು ಸಿಕ್ಕಿರಲಿಲ್ಲ ಅಂತ ಕಾಣುತ್ತೆ ಸಾರ್’ ಅಂದರು. ಜೋರು ನಗು.)

ನೋಡಿ, ಇದೇ ನಾನು ಹೇಳುತ್ತಿರುವುದು!

ಹಳ್ಳಿಯ ನಗೆಗೂ ಸಿಟಿಯ ನಗೆಗೂ ಒಂದು ವ್ಯತ್ಯಾಸ ಇದೆ. ಹಳ್ಳಿಯಲ್ಲಿ ಶಾಸಕನ ಮೇಲೆ ಜೋಕು ಹೊಡೆದವನು ನಾಳೆ ಬೆಳಿಗ್ಗೆ ಆರಕ್ಕೆ ಅದೇ ಶಾಸಕನ ಮನೆ ಮುಂದೆ ನಿಂತಿರಬೇಕು. ಆಸ್ಪತ್ರೆಗೆ ಒಂದು ಪತ್ರ, ಮಗನ ಹಾಸ್ಟೆಲ್ ಸೀಟು, ಟ್ರಾನ್ಸ್‌ಫಾರ್ಮರ್ ಸುಟ್ಟದ್ದು. ಆದ್ದರಿಂದ ಅವನ ಜೋಕು ಹತ್ತಿರದಿಂದ ಬರುತ್ತದೆ. ಒಂದೇ ಚರಂಡಿಗೆ ಎರಡು ಸಲ ಗುದ್ದಲಿ ಪೂಜೆ ಆದರೆ, ಎರಡನೇ ಸಲ ತೆಂಗಿನಕಾಯಿ ಒಡೆಯುವಾಗಲೇ ಯಾರೋ ಕೂಗುತ್ತಾರೆ, ‘ಅಣ್ಣಾ, ಹೋದ ಸಲದ ಕಾಯಿ ಇನ್ನೂ ಇಲ್ಲೇ ಇದೆ.’ ಅದು ತಾಗುತ್ತದೆ. ಅಲ್ಲಿ ಶಾಸಕರ ಮುಖ ನೋಡಬೇಕು. ಸಿಟಿಯವರಿಗೆ ತಮ್ಮ ಶಾಸಕ ಯಾರು ಅಂತಲೇ ಎಷ್ಟೋ ಸಲ ಗೊತ್ತಿರುವುದಿಲ್ಲ. ಗೊತ್ತಿಲ್ಲದವನ ಮೇಲೆ ಜೋಕು ಮಾಡಬೇಕಾದರೆ ‘ಎಲ್ಲಾ ಕಳ್ಳರು’ ಅನ್ನದೆ ಬೇರೆ ದಾರಿ ಏನಿದೆ?

2023ರ ವಿಧಾನಸಭೆ ಚುನಾವಣೆಯಲ್ಲಿ ರಾಜ್ಯದ ಮತದಾನ ಶೇಕಡ 73 ದಾಟಿತು. ಮೇಲುಕೋಟೆಯಲ್ಲಿ 90 ದಾಟಿತು. ಬೆಂಗಳೂರಿನ ಸಿ.ವಿ. ರಾಮನ್ ನಗರದಲ್ಲಿ ಅರ್ಧದಷ್ಟೂ ಆಗಲಿಲ್ಲ. ಇವರಲ್ಲಿ ಯಾರೂ ಬೇಡ ಅನ್ನುವ ‘ನೋಟಾ’ ಬಟನ್ 2013ರಿಂದ ಇದೆ. ಎಲ್ಲರೂ ಕಳ್ಳರು ಅಂತ ಮನಸಾರೆ ನಂಬಿದವರು ಅದನ್ನು ಒತ್ತಬೇಕಿತ್ತು ಅಲ್ವಾ? ರಾಜ್ಯದ ಲೆಕ್ಕದಲ್ಲಿ ನೋಟಾಗೆ ಶೇಕಡ ಒಂದೂ ಬರಲಿಲ್ಲ. ಅಂದರೆ ‘ಎಲ್ಲಾ ಅಷ್ಟೇ’ ಅನ್ನುವುದನ್ನು ಹೇಳುವವರೇ ಪೂರ್ತಿ ನಂಬಿಲ್ಲ. ಮಾತಿನಲ್ಲಿ ಎಲ್ಲರೂ ಒಂದೇ. ಬೂತಿನ ಒಳಗೆ ಹೋದಾಗ ನಮ್ಮವನು ಬೇರೆ, ಅವರವನು ಬೇರೆ.

ಹಾಗಾದರೆ ಕೆಲಸ ಮಾಡುವ ನಗೆ ಹೇಗಿರುತ್ತದೆ? ಬೆಂಗಳೂರಿನ ಕಲಾವಿದ ಬಾದಲ್ ನಂಜುಂಡಸ್ವಾಮಿ ಅವರನ್ನು ನೋಡಿ. 2015ರಲ್ಲಿ ಸುಲ್ತಾನ್‌ಪಾಳ್ಯದ ಒಂದು ದೊಡ್ಡ ಗುಂಡಿಯಲ್ಲಿ ಮೊಸಳೆ ತಂದು ಕೂರಿಸಿದರು. 2019ರಲ್ಲಿ ಚಂದ್ರಯಾನ-2ರ ಗಲಾಟೆ ಇತ್ತಲ್ಲ, ಆಗ ಗಗನಯಾತ್ರಿಯ ಉಡುಪಿನಲ್ಲಿ ಒಬ್ಬರು ಚಂದ್ರನ ಮೇಲೆ ನಡೆಯುವ ವಿಡಿಯೋ ಬಂತು. ನಿಧಾನ ಹೆಜ್ಜೆ, ಗುಳಿಗಳು, ಕತ್ತಲೆ. ನೋಡುತ್ತ ನೋಡುತ್ತ ಪಕ್ಕದಲ್ಲಿ ಒಂದು ಆಟೋ ಹೋಯಿತು! ಅದು ಬೆಂಗಳೂರಿನ ರಸ್ತೆ. ವಿಡಿಯೋ ಲಕ್ಷಾಂತರ ಜನ ನೋಡಿದರು, ಪಾಲಿಕೆಯವರು ಓಡಿ ಬಂದು ಗುಂಡಿ ಮುಚ್ಚಿದರು. ಅವರು ‘ಎಲ್ಲ ರಸ್ತೆಯೂ ಹಾಳು’ ಅಂತ ಹಾಡು ಬರೆಯಲಿಲ್ಲ. ಒಂದು ರಸ್ತೆ ತೋರಿಸಿದರು. ಆ ರಸ್ತೆಗೆ ಒಬ್ಬ ಎಂಜಿನಿಯರ್ ಇರುತ್ತಾನೆ, ಒಬ್ಬ ಕಂಟ್ರಾಕ್ಟರ್ ಇರುತ್ತಾನೆ. ತಪ್ಪಿಸಿಕೊಳ್ಳಲು ಅವರಿಗೆ ಜಾಗ ಇರಲಿಲ್ಲ.

‘ನಿಖಿಲ್ ಎಲ್ಲಿದ್ದೀಯಪ್ಪಾ’ ಕೂಡ ಅಂಥದ್ದೇ. ಕುಮಾರಸ್ವಾಮಿ ಅವರು ಸಿನಿಮಾ ಕಾರ್ಯಕ್ರಮವೊಂದರಲ್ಲಿ ಮಗನನ್ನು ಕರೆದ ಮಾತು. 2019ರಲ್ಲಿ ಮಗ ಮಂಡ್ಯದಲ್ಲಿ ನಿಂತಾಗ ರಾಜ್ಯದ ಎಲ್ಲ ಮಕ್ಕಳ ಬಾಯಲ್ಲೂ ಅದೇ. ಕುಟುಂಬ ರಾಜಕಾರಣದ ಬಗ್ಗೆ ಬಂದ ಗಂಭೀರ ಲೇಖನಗಳನ್ನು ಎಷ್ಟು ಜನ ಓದಿದರೋ ಗೊತ್ತಿಲ್ಲ, ಈ ಎರಡು ಪದ ಎಲ್ಲರಿಗೂ ಅರ್ಥವಾಯಿತು. ಸೋಲಿಗೆ ಅದೇ ಕಾರಣ ಅಂತ ನಾನು ಹೇಳಲಾರೆ. ಅಪ್ಪ–ಮಗನ ರಾಜಕಾರಣ ಒಂದೇ ಮನೆಯದೂ ಅಲ್ಲ. ಎಲ್ಲ ಪಕ್ಷದಲ್ಲೂ ‘ಎಲ್ಲಿದ್ದೀಯಪ್ಪಾ’ ಅಂದರೆ ಓಗೊಡುವ ಮಕ್ಕಳಿದ್ದಾರೆ. ಅವರ ಹೆಸರನ್ನೂ ಹಾಗೇ ಕೂಗಬಹುದಿತ್ತು. ನಾವು ಒಂದಕ್ಕೇ ನಿಲ್ಲಿಸಿದೆವು.

ಇನ್ನು ಪಕ್ಷಗಳೇ ತಯಾರು ಮಾಡಿ ಕೊಡುವ ಹಾಸ್ಯ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಗೋಡೆಗಳ ಮೇಲೆ ‘ಪೇಸಿಎಂ’ ಪೋಸ್ಟರ್ ಬಂತು. ಕ್ಯೂಆರ್ ಕೋಡ್, ನಡುವೆ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರ ಮುಖ. ಗುತ್ತಿಗೆದಾರರ ಸಂಘ ಮಾಡಿದ್ದ ಶೇಕಡ 40 ಕಮಿಷನ್ ಆರೋಪವನ್ನು ಕಾಂಗ್ರೆಸ್ ಒಂದು ಚಿತ್ರಕ್ಕೆ ಇಳಿಸಿತ್ತು. ಹಾಸ್ಯವಾಗಿ ಒಳ್ಳೆಯ ಕೆಲಸ, ಒಪ್ಪಬೇಕು. ಅಧಿಕಾರ ಬದಲಾದ ಮೇಲೆ ಅದೇ ಮಾದರಿಯ ಪೋಸ್ಟರ್ ಎದುರು ದಿಕ್ಕಿನಿಂದ ಬಂತು. ಇಂಥ ಜೋಕಿಗೆ ನಗುವಾಗ ಒಂದು ಎಚ್ಚರ ಇರಲಿ: ಅದು ಅರ್ಧ ಜೋಕು. ಇನ್ನರ್ಧವನ್ನು ಇನ್ನೊಂದು ಪಕ್ಷ ಇಟ್ಟುಕೊಂಡಿರುತ್ತದೆ.

‘ವೃತ್ತಿ ರಾಜಕಾರಣಿ’ ಅಂತ ನಾವು ಮೂಗು ಮುರಿಯುವುದರ ಬಗ್ಗೆಯೂ ಒಂದು ಮಾತು. ಮೂವತ್ತು ವರ್ಷ ಅದನ್ನೇ ಮಾಡಿದ ಡಾಕ್ಟರ್ ಹತ್ತಿರ ಧೈರ್ಯವಾಗಿ ಹೋಗುತ್ತೇವೆ. ಮೂವತ್ತು ವರ್ಷ ಶಾಸಕನಾಗಿದ್ದರೆ ಅನುಮಾನ. ಫೈಲು ಯಾವ ಟೇಬಲ್ಲಿನಲ್ಲಿ ಕೂತಿದೆ ಅಂತ ಗೊತ್ತಿರುವುದು ಹಳಬರಿಗೇ. ಮಲ್ಲಿಕಾರ್ಜುನ ಖರ್ಗೆ 1972ರಿಂದ 2008ರವರೆಗೆ ಸತತ 9 ಸಲ ವಿಧಾನಸಭೆಗೆ ಗೆದ್ದರು. ಅಷ್ಟು ಸಲ ಗೆದ್ದ ಮೇಲೆ ಕ್ಷೇತ್ರಕ್ಕೆ ಏನಾಯಿತು ಅಂತ ಕೇಳುವುದು ನ್ಯಾಯವಾದ ಪ್ರಶ್ನೆ. ಅಷ್ಟು ಸಲ ಯಾಕೆ ನಿಂತೆ ಅನ್ನುವುದು ಪ್ರಶ್ನೆಯೇ ಅಲ್ಲ. ಜೆ.ಎಚ್. ಪಟೇಲರೂ ಜೀವಮಾನವಿಡೀ ರಾಜಕಾರಣಿಯೇ. 1967ರಲ್ಲಿ ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತಾಡಿದವರು, ಮುಖ್ಯಮಂತ್ರಿಯಾಗಿ ತಮ್ಮ ಮೇಲೆ ತಾವೇ ಜೋಕು ಹೊಡೆದುಕೊಂಡವರು. ಜನರಿಗೆ ಖುಷಿ ಆಯಿತು. ಆದರೆ ತನ್ನ ಮೇಲೆ ತಾನೇ ನಗುವ ರಾಜಕಾರಣಿಯನ್ನು ಹಿಡಿಯುವುದು ಬಹಳ ಕಷ್ಟ. ನೀವು ಹೇಳಬೇಕಾದ್ದನ್ನೆಲ್ಲ ಅವನೇ ಹೇಳಿ ಮುಗಿಸಿರುತ್ತಾನೆ.

ಹೆಸರಿಟ್ಟು ನಗಬೇಕಾದರೆ ಸರಕು ಎಲ್ಲಿಂದ ತರುವುದು ಅಂತ ಕೇಳಬಹುದು. ಸರ್ಕಾರವೇ ಬಿಟ್ಟಿಯಾಗಿ ಕೊಡುತ್ತದೆ. 2002 ಮತ್ತು 2003ರ ಸುಪ್ರೀಂ ಕೋರ್ಟ್ ತೀರ್ಪುಗಳ ನಂತರ ಪ್ರತಿ ಅಭ್ಯರ್ಥಿಯೂ ನಾಮಪತ್ರದ ಜೊತೆ ಪ್ರಮಾಣಪತ್ರ ಕೊಡಬೇಕು. ನಮೂನೆ 26. ಕೇಸು, ಆಸ್ತಿ, ಸಾಲ, ಓದು, ಎಲ್ಲ ಅದರಲ್ಲಿದೆ. ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಸಿಗುತ್ತದೆ. ನಿಮ್ಮ ಶಾಸಕರ 2018ರದ್ದು ಮತ್ತು 2023ರದ್ದು ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿ. ವಾಹನದ ಕಾಲಂ ಮೊದಲು ನೋಡಿ. ಕೋಟಿಗಟ್ಟಲೆ ಆಸ್ತಿ ಇದ್ದೂ ‘ಸ್ವಂತ ಕಾರು ಇಲ್ಲ’ ಅಂತ ಬರೆದವರು ಸಿಗುತ್ತಾರೆ. ಆಮೇಲೆ ಸಾಲದ ಕಾಲಂ. ಗಂಡ ಹೆಂಡತಿಯಿಂದ ಸಾಲ ತಗೊಂಡಿರುತ್ತಾನೆ, ಹೆಂಡತಿ ಮಗನಿಂದ, ಮಗ ಅಪ್ಪನಿಂದ. ಕೃಷಿ ಆದಾಯ ನೋಡಿ, ಪಕ್ಕದ ಹೊಲದವನಿಗೆ ಬರಗಾಲ ಬಂದ ವರ್ಷ ಇವರಿಗೆ ಏನು ಬೆಳೆದಿತ್ತು ಅಂತ ಅಂದಾಜು ಹಾಕಿ. ಜಮೀನು ಕೊಂಡ ವರ್ಷ, ಕೊಂಡ ಬೆಲೆ, ಈಗಿನ ಬೆಲೆ ಮೂರನ್ನೂ ಅವರೇ ಬರೆದು ಸಹಿ ಹಾಕಿರುತ್ತಾರೆ. ಹಾಗಂತ ಎಲ್ಲರದ್ದೂ ಹಾಗಿರುವುದಿಲ್ಲ. ಸಪ್ಪೆಯಾದ, ನಗು ಬರದ ಪ್ರಮಾಣಪತ್ರಗಳೂ ಇರುತ್ತವೆ. ಅವು ಯಾರವು ಅಂತಲೂ ಗುರುತು ಹಾಕಿಕೊಳ್ಳಿ.

ನನ್ನ ಸಮಯ ಮುಗಿಯಿತು ಅಂತ ಚೀಟಿ ಬಂದಿದೆ. ಪ್ರಶ್ನೆ ಇದ್ದರೆ ಕೇಳಿ. ‘ಸಾರ್, ನೀವು ಯಾವ ಪಕ್ಷ?’ ಅನ್ನುವುದೊಂದನ್ನು ಬಿಟ್ಟು.